ಉದುರಿದ ಸೊನ್ನಿ

ಗದಗಿನ ಪ್ರೆಸ್ಸಿನ್ಯಾಗ ಪ್ರೂಫ್ ನೋಡಾವ ನಾನು,
ಪುಟಕ್ಕ ಹದಿನೆಂಟು ರೂಪಾಯಿ.
ಲಗ್ನಪತ್ರಿಕಿಗೆ ಬ್ಯಾರೆ ರೇಟು,
ಅದರಾಗ ಅಡ್ಡಹೆಸರು ತಪ್ಪಿದರ ಬೀಗರು ಪ್ರೆಸ್ಸಿಗೇ ಬರತಾರ.

ಶ್ರಾವಣದಾಗ ಬಂತು ರಾಣೆಬೆನ್ನೂರ ಕಡೆ
ಒಂದು ಬೀಜದ ಕಂಪನಿ ವಾರ್ಷಿಕ ವರದಿ.
ಹೊಳಿಯೋ ಕಾಗದ, ನೂರಾ ಹನ್ನೆರಡು ಪುಟ, ಎಲ್ಲಾ ಇಂಗ್ಲೀಷು.
ಮೂರನೇ ಪುಟದಾಗ ಎಂ.ಡಿ. ಸಾಹೇಬರು, ಟಮಾಟಿ ಗಿಡದ ಮುಂದ.
ನಗಿ ಚಲೋ ಐತಿ, ಸುಳ್ಳ ಯಾಕ ಹೇಳಲಿ.

ನಲವತ್ತೇಳನೇ ಪುಟದಾಗ ಅವರ ಪಗಾರ:
ವರ್ಷಕ್ಕ ಎಂಬತ್ತನಾಕು ಲಕ್ಷ.
ಕೆಳಗ, ಇರುವಿಯಂಥ ಅಕ್ಷರದಾಗ:
ನಡುವಿನ ನೌಕರನ ಪಗಾರ ಆರು ಲಕ್ಷ,
ಸಾಹೇಬರದು ಅದರ ನೂರಾ ನಲವತ್ತು ಪಟ್ಟು.

ಮೊದಲ ಸಲ ನೋಡಿದಾಗ ದಾಟಿಸಿಬಿಟ್ಟಿದ್ದೆ.
ಎಂಬತ್ತನಾಕು ಲಕ್ಷಕ್ಕೇ ಕಣ್ಣು ತುಂಬಿತ್ತು,
ಇನ್ನೂ ಇರಬೌದು ಅಂತ ಅನಿಸಲಿಲ್ಲ.
ಫಾರ್ಮ್ ಅಚ್ಚಾಗಿ, ಮಾಬೂಬಿ ಮಡಚಾಕ ಕುಂತ ಮ್ಯಾಲೆ
ಯಾಕೋ ಕೆಟ್ಟ ಲಗ್ನಪತ್ರಿಕಿ ಬೆನ್ನಿಗೆ
ಆರನ್ನ ನೂರಾ ನಲವತ್ತರಲೆ ಗುಣಿಸಿದೆ.
ಎಂಟುನೂರಾ ನಲವತ್ತು ಲಕ್ಷ.
ಒಂದು ಸೊನ್ನಿ ಉದುರಿತ್ತು.

ನನ್ನ ತಂಗಿ ಸಾವಂತ್ರಿ ಅದೇ ಕಂಪನಿ ಹೊಲಕ್ಕ
ಕ್ರಾಸಿಂಗಿಗೆ ಹೋಗತಾಳ.
ಮೊಗ್ಗು ಬಿರಿಯೂಕ ಮೊದಲ ಇಕ್ಕಳ ಹಾಕಿ
ಗಂಡು ಕೇಸರ ಕಿತ್ತು, ಮರುದಿನ ಹೆಣ್ಣಿಗೆ ಪುಡಿ ಮುಟ್ಟಿಸಿ
ಕೆಂಪು ದಾರ ಕಟ್ಟಬೇಕು. ದಿನಕ್ಕ ಮುನ್ನೂರಾ ಐವತ್ತು.
ಲೆಕ್ಕ ಹಿಡದ ಕೈ ನಿಲ್ಲಲಿಲ್ಲ:
ಸಾಹೇಬರ ಒಂದು ವರ್ಷ ಮುಟ್ಟಾಕ ಅಕಿಗೆ
ಎರಡು ಲಕ್ಷ ನಲವತ್ತು ಸಾವಿರ ದಿವಸ.
ವರ್ಷಕ್ಕ ಮುನ್ನೂರು ದಿವಸ ಹಿಡದರ ಎಂಟುನೂರು ವರ್ಷ.
ಲಕ್ಕುಂಡಿ ಗುಡಿ ಮ್ಯಾಲೆ ಉಳಿ ಪೆಟ್ಟು ಇನ್ನೂ ಹಸಿ ಇದ್ದಾಗ
ಬುತ್ತಿ ಕಟಗೊಂಡು ಹೊಂಟಿದ್ದರ
ಈ ಶ್ರಾವಣಕ್ಕ ಮುಟ್ಟತಿದ್ದಳು,
ಅದೂ ನಡುವ ಒಂದು ಕಪ್ ಚಾ ಕುಡೀದನ.

ಆರು ಲಕ್ಷದ ಆ ನಡುವಿನವರಾಗ ಸಾವಂತ್ರಿ ಇಲ್ಲ.
ಅಕಿ ನೌಕರಳೇ ಅಲ್ಲ.
ಅರವತ್ತೊಂದನೇ ಪುಟದಾಗ ‘ಇತರೆ ಖರ್ಚು’ ಅಂತ ಐತಲ್ಲ,
ಗೊಬ್ಬರ, ಡೀಸೆಲ್ಲು, ದಾರದ ಉಂಡಿ,
ಅಲ್ಲೇ ಎಲ್ಲೋ ಬಗ್ಗಿಕೊಂಡು ಇರಬೇಕು.

“ಆ ಮನಷ್ಯಾ ಬರೂಕ ಮೊದಲ ಕಂಪನಿ ಮುಳಗಿತ್ತು ಮಾಸ್ತರ,
ಎತ್ತಿ ನಿಲ್ಲಿಸ್ಯಾನ,” ಅಂದ ಮಾಲಕ ಈರಪಾಕ್ಷಣ್ಣ.
ಇರಬೌದು. ಕಂಪನಿ ಎತ್ತಾಕ ನನಗ ಬರಂಗಿಲ್ಲ.
ಎತ್ತುವಾಗ ಎಷ್ಟು ಕೈ ಕೆಳಗಿದ್ದವು ಅಂತ
ಕೇಳಬೇಕನಿಸಿತು. ಕೇಳಲಿಲ್ಲ.
ಪುಟಕ್ಕ ಹದಿನೆಂಟಕ್ಕ ಮಾತು ಅಷ್ಟೇ ಬರತಾವ.

ಸುಮ್ಮನಿದ್ದರ ಏನಾಗತಿತ್ತು?
ಅಚ್ಚಿನ್ಯಾಗ ಉದುರಿದ್ದು ಬ್ಯಾಂಕಿನ್ಯಾಗ ಉದುರಂಗಿಲ್ಲ.
ಆದರ ತಪ್ಪು ಕಂಡ ಮ್ಯಾಲೆ ನನ್ನ ಕೈ ನನ್ನ ಮಾತು ಕೇಳಂಗಿಲ್ಲ.
ಕೆಂಪು ಪೆನ್ನಿಲೆ ಒಂದು ಗೀಟು, ಬಾಜೂಕ ಒಂದು ಸೊನ್ನಿ.
ಏಳು ಕೋಟಿ ಐವತ್ತಾರು ಲಕ್ಷ.
ಸ್ವಂತ ಮಗಳ ಲಗ್ನಕ್ಕೂ ನಾ ಇಷ್ಟು ಕೊಟ್ಟಿಲ್ಲ.

ಫೋನಿನ್ಯಾಗ ಕಂಪನಿಯವರು ಗಾಬರಿಯಾದರು:
ಫೈಲು ನಾವೇ ತಪ್ಪು ಕಳಿಸೇವಿ, ಹೊಸಾದು ಹೊಡೀರಿ, ಖರ್ಚು ನಮ್ಮದು.
ರಾತ್ರಿ ಮೂರರ ತನಕ ಮಷಿನ್ ನಡೀತು.
ಮಾಬೂಬಿಗೆ ಓಟಿ ಇನ್ನೂರಾ ಇಪ್ಪತ್ತು, ಎಲ್ಲಾರಿಗೂ ಗಿರಮಿಟ್ಟು.
ಕೆಟ್ಟ ಹಾಳಿ ಒಂದಿಷ್ಟು ಸೆರಗಿನ್ಯಾಗ ಸುತ್ತಿಕೊಂಡಳು,
ಮಗನ ಗಣಿತದ ಪುಸ್ತಕಕ್ಕ ಹೊದಿಕಿ ಹಾಕಾಕ.
ಆ ಹೊದಿಕಿ ಮ್ಯಾಲೆ ಸಾಹೇಬರು ಇನ್ನೂ ಎಂಬತ್ತನಾಕೇ ಲಕ್ಷದ ಬಡವರು.

ಐತವಾರ ಸಾವಂತ್ರಿ ಮುಂದ ಎಲ್ಲಾ ಹೇಳಿದೆ.
ನಗಲಿಲ್ಲ, ಸಿಟ್ಟಿಗೇಳಲಿಲ್ಲ. ಉಗರಿನ್ಯಾಗಿನ ಹಸರು ಕೆರೀತಿದ್ದಳು.
ಹೋದ ವರ್ಷ ಯಾವದೋ ಒಂದು ಮೊಗ್ಗು ಬಿಟ್ಟಾಳಂತ,
ಲಾಟಿಗೆ ಲಾಟೇ ಫೇಲಂತ,
ನಾಕು ದಿವಸದ ಕೂಲಿ ಹಿಡದಿದ್ದರು.

“ಸೊನ್ನಿ ಬಿಟ್ಟಾವರದು ಎಷ್ಟು ಹಿಡದರು?” ಅಂದಳು.
“ಏನೂ ಇಲ್ಲ.”
“ಹಂಗಾರ ಅದು ಹೂವಲ್ಲ ಬಿಡಣ್ಣಾ,” ಅಂದು
ಚಾಕ್ಕ ಇಡಾಕ ಎದ್ದಳು.